ಸುರಪುರದ ಬಸ್ಸಿನಲ್ಲಿ ಕಂಡ ಮಿಂಚು

“ಏನ್ ಓಡಸಾಕತ್ತೀರಿ ಅಕ್ಕಾರ? ಇಲ್ಲಿ ನೊಣ ಇಲ್ಲಲ್ರಿ.”

ಸುರಪುರದಿಂದ ಶಹಾಪುರಕ್ಕೆ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ಹೀಗೆ ಕೇಳಿದಾಗ ನನ್ನ ಕೈ ಗಾಳಿಯಲ್ಲೇ ನಿಂತಿತು. ಬೆಳಿಗ್ಗೆಯಿಂದ ಬಲಗಣ್ಣಿನ ಮುಂದೆ ಕಪ್ಪು ಚುಕ್ಕೆಗಳು ಗುಂಪಾಗಿ ತೇಲುತ್ತಿದ್ದವು. ಅಂಚಿನಲ್ಲಿ ಆಗಾಗ ಮಿಂಚು ಹೊಳೆಯುತ್ತಿತ್ತು. ನೋವಿರಲಿಲ್ಲ. ತಂಗಿಯ ಮಗಳ ನಿಶ್ಚಿತಾರ್ಥ ಮುಗಿಸಿಕೊಂಡು ನಾಳೆ ತೋರಿಸಿದರಾಯಿತು ಎಂದುಕೊಂಡಿದ್ದೆ.

ಅದನ್ನೇ ಹೇಳಿದೆ. ಆಕೆ ಕನ್ನಡಕ ತೆಗೆದು ತಮ್ಮ ಎಡಗಣ್ಣು ತೋರಿಸಿದರು. “ಇದರಾಗ ಏನೂ ಕಾಣಂಗಿಲ್ರಿ. ನನಗೂ ಹಿಂಗ ಆಗಿತ್ತು. ಕಾಲುವಿ ನೀರು ಬಂದಾವ, ನಾಟಿ ಮುಗೀಲಿ ಅಂತ ಕುಂತೆ. ಆಮ್ಯಾಲ ಸೆರಗು ಮುಚ್ಚಿದಂಗ ಕತ್ತಲಾತು. ನೀವು ಇವತ್ತ ಹೋಗ್ರಿ.”

ಶಹಾಪುರದಲ್ಲಿ ಇಳಿದವಳೇ ತಂಗಿಗೆ ಫೋನ್ ಮಾಡಿ ಕಲಬುರಗಿಯ ಬಸ್ಸು ಹತ್ತಿದೆ. ಬಸ್ಸು ನಿಂತಲ್ಲೆಲ್ಲ ಜೀವ ಚಡಪಡಿಸುತ್ತಿತ್ತು. ಕಣ್ಣಿನ ಡಾಕ್ಟರು ಹನಿ ಹಾಕಿ ಪರೀಕ್ಷಿಸಿದರು. ಕಣ್ಣಿನ ಒಳಪರದೆ, ಅಂದರೆ ರೆಟಿನಾ, ಒಂದು ಕಡೆ ಹರಿದಿತ್ತು. ಹರಿದ ಜಾಗದ ಸುತ್ತ ಅಂದೇ ಲೇಸರ್ ಹಾಕಿದರು. “ಒಂದೆರಡು ಹಳೇ ಚುಕ್ಕಿಗೆ ಸಾಮಾನ್ಯವಾಗಿ ಅಂಜಬೇಕಾಗಿಲ್ರಿ. ಒಮ್ಮಿಂದೊಮ್ಮೆಲೆ ಹೆಚ್ಚಾದ್ರ, ಮಿಂಚು ಹೊಡದ್ರ, ನೆರಳು ಬಿದ್ರ ಅವತ್ತೇ ಬರಬೇಕು” ಎಂದರು.

ದೃಷ್ಟಿ ಉಳಿಯಿತು. ಆದರೂ ಬೆಳಿಗ್ಗೆ ಎದ್ದು ಒಂದೊಂದೇ ಕಣ್ಣು ಮುಚ್ಚಿ ಎದುರಿನ ಗೋಡೆ ನೋಡುವ ತನಕ ನನಗೆ ಸಮಾಧಾನವಿಲ್ಲ. ಎರಡರಲ್ಲೂ ಗೋಡೆ ಕಂಡ ಮೇಲೆ, ಉಳಿದ ಒಂದೇ ಕಣ್ಣಿನಲ್ಲಿ ನನ್ನನ್ನು ಗಮನಿಸಿದ ಆಕೆಯ ಹೆಸರನ್ನೂ ಕೇಳಲಿಲ್ಲವಲ್ಲ ಎಂಬ ಕಸಿವಿಸಿ ಶುರುವಾಗುತ್ತದೆ.