ಮೈಕಣ್ಣ ವೈರು ಬಿಚ್ಚಿದ ಸಂಜೆ

ಊರಿನವರೆಲ್ಲ ಅವನನ್ನು ಮೈಕಣ್ಣ ಎಂದೇ ಕರೆಯುತ್ತಿದ್ದರು. ಸಭೆಗಳಿಗೆ ಮೈಕು, ಸ್ಪೀಕರ್ ಕಟ್ಟುವುದು ಅವನ ಕಸುಬು. ಊರಿಗೆಲ್ಲ ಮಾತು ಮುಟ್ಟಿಸುವವನು ತಾನು ಮಾತ್ರ ನಾಲ್ಕೇ ಮಾತಿನಲ್ಲಿ ದಿನ ಮುಗಿಸುತ್ತಿದ್ದ. "ಇವರ ಪಾಲಿನ ಮಾತನ್ನೆಲ್ಲ ಆ ಡಬ್ಬಿಗೇ ಕೊಟ್ಬಿಟ್ಟಿದ್ದಾರೆ" ಎಂದು ಹೆಂಡತಿ ನಗುತ್ತಿದ್ದಳು. ಮಕ್ಕಳಿಲ್ಲದ ಆ ಮನೆಗೆ ಮೈಕಣ್ಣನ ತಮ್ಮನೇ ಮಗ. ತಾಯಿ ಸತ್ತಾಗ ಅವನ ಹಾಲುಹಲ್ಲು ಇನ್ನೂ ಬಿದ್ದಿರಲಿಲ್ಲ. ಅತ್ತಿಗೆಯೇ ಎತ್ತಿ ಆಡಿಸಿ ಬೆಳೆಸಿದ್ದಳು. ದೊಡ್ಡವನಾದ ಮೇಲೆ ಕಂಬ ಹತ್ತಿ ಸ್ಪೀಕರ್ ಬಿಗಿಯುವುದು ಅವನ ಕೆಲಸವಾಯಿತು.

ಯುದ್ಧ ಶುರುವಾದ ವರ್ಷ ದೇಶ ಆಳುತ್ತಿದ್ದ ನಾಯಕರು ಊರ ಮೈದಾನಕ್ಕೆ ಬಂದರು. "ಗಡಿಯ ಬೆಟ್ಟದ ಒಂದು ಕಲ್ಲನ್ನೂ ಬಿಟ್ಟುಕೊಡೋದಿಲ್ಲ. ಸಂಧಿಯ ಮಾತಾಡೋನು ದ್ರೋಹಿ!" ಎಂದು ಗುಡುಗಿದರು. ಕಂಬದ ಮೇಲಿದ್ದ ತಮ್ಮ ಅಲ್ಲಿಂದಲೇ ಕೇಳಿಸಿಕೊಂಡ. ಇಳಿದವನು ನೆಟ್ಟಗೆ ಹೋಗಿ ಸೈನ್ಯಕ್ಕೆ ಹೆಸರು ಕೊಟ್ಟು ಬಂದ.

"ಕೈ ಮುಗೀತೀನಿ, ಬೇಡ ಕಣೋ" ಎಂದಳು ಅತ್ತಿಗೆ.

"ಎಲ್ರೂ ಹೀಗೇ ಅಂದ್ರೆ ಹೇಗೆ ಅತ್ತಿಗೆ? ಹೋದಷ್ಟೇ ಬೇಗ ಬರ್ತೀನಿ."

ಬೆಟ್ಟ ಉಳಿಯಿತು, ಅವನು ಉಳಿಯಲಿಲ್ಲ. ಹೆಣ ಇಳಿಸಿ ತರಲಾಗದೆ ಅಲ್ಲೇ ಮಣ್ಣು ಮಾಡಿದರು. ನಾಯಕರು ಮನೆಗೇ ಬಂದು ಅತ್ತಿಗೆಯ ಮುಂದೆ ಕೈಮುಗಿದು ನಿಂತು, "ನಿಮ್ಮ ಹುಡುಗನ ರಕ್ತ ಬಿದ್ದ ನೆಲ, ತಾಯಿ. ನಾನು ಬದುಕಿರೋವರೆಗೂ ಅದು ನಮ್ಮದೇ" ಎಂದರು. ಅವರ ಕಣ್ಣಲ್ಲೂ ನೀರಿತ್ತು. ಆ ಒಂದು ಮಾತನ್ನೇ ಗಟ್ಟಿಯಾಗಿ ಹಿಡಿದುಕೊಂಡು ಅವಳು ಮತ್ತೆ ಒಲೆ ಹಚ್ಚಿದಳು.

ಎರಡನೆಯ ಚಳಿಗಾಲದ ಹೊತ್ತಿಗೆ ಗಾಳಿ ತಿರುಗಿತು. ಆಯುಧ ಕೊಡುತ್ತಿದ್ದ ಮಿತ್ರದೇಶ ಕೈಯೆತ್ತಿತು. ಸೀಮೆಎಣ್ಣೆ ಸಿಗದಾಯಿತು. ನಾಯಕರ ಮತ್ತೊಂದು ಸಭೆ ಗೊತ್ತಾಯಿತು. ವೇದಿಕೆಯ ಹಿಂದೆ ವೈರು ಎಳೆಯುತ್ತಿದ್ದ ಮೈಕಣ್ಣನಿಗೆ ಅವರ ಕಾರ್ಯದರ್ಶಿ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: "ಬೆಟ್ಟ ಬಿಟ್ಟುಕೊಡೋದು ಅಂತ ತೀರ್ಮಾನ ಆಗಿದೆ. ಜನಕ್ಕೆ ಹದವಾಗಿ ಹೇಳ್ಬೇಕು, ಅಷ್ಟೆ."

ಮೈಕಣ್ಣ ತನ್ನ ಬೀದಿಯ ಕಡೆ ಮುಖ ಮಾಡಿದ್ದ ಸ್ಪೀಕರಿನ ಕಂಬ ಹತ್ತಿ, ಅದೊಂದರ ವೈರು ಬಿಚ್ಚಿ ಇಳಿದ.

"ಹುಲ್ಲುಕಡ್ಡಿಯೂ ಹುಟ್ಟದ ಬೋಳು ಗುಡ್ಡಕ್ಕಾಗಿ ಇನ್ನೆಷ್ಟು ತಾಯಂದಿರನ್ನ ಅಳಿಸೋಣ? ಸಂಧಿಯೇ ನಿಜವಾದ ಶೌರ್ಯ" ಎಂದರು ನಾಯಕರು. ಮೈದಾನವೆಲ್ಲ ಚಪ್ಪಾಳೆ ತಟ್ಟಿತು. ಜನರದೂ ತಪ್ಪಿರಲಿಲ್ಲ, ಅವರ ಮಕ್ಕಳೂ ಗಡಿಯಲ್ಲಿದ್ದರು. ತಲೆಯೆತ್ತಿದ ಮೈಕಣ್ಣನಿಗೆ, ಎಲ್ಲರ ಹಿಂದೆ ಗೋಡೆಗೆ ಒರಗಿ ನಿಂತ ಹೆಂಡತಿ ಕಂಡಳು.

ಸಭೆ ಚದುರಿದ ಮೇಲೆ ಹತ್ತಿರ ಬಂದಳು. "ನಮ್ಮ ಬೀದೀಲಿ ಏನೂ ಕೇಳಿಸ್ಲಿಲ್ಲ. ನಿಮಗೇನಾದ್ರೂ ಆಯ್ತೇನೋ ಅಂತ ಓಡಿ ಬಂದೆ."

ಅವನು ತಲೆ ತಗ್ಗಿಸಿದ.

"ಯುದ್ಧ ನಿಲ್ಲೋದು ಒಳ್ಳೇದೇ ಬಿಡಿ. ಇನ್ನೊಬ್ರ ಮಕ್ಳಾದ್ರೂ ಮನೆಗೆ ಬರ್ಲಿ" ಎಂದವಳು ಕೇಳಿದಳು: "ಅಲ್ಲಿ ಹುಲ್ಲು ಹುಟ್ಟಲ್ಲ ಅಂತ ಅವತ್ತೂ ಗೊತ್ತಿತ್ತಲ್ವಾ ಅವರಿಗೆ?"

ಮೈಕಣ್ಣ ಅಲ್ಲೇ ಕುಸಿದು ಕೂತು ಅತ್ತ. ತಮ್ಮ ಸತ್ತ ಸುದ್ದಿ ಬಂದಾಗಲೂ ಅವನು ಅತ್ತಿರಲಿಲ್ಲ.

ಬೆಟ್ಟ ಆಚೆಯವರ ಪಾಲಾಯಿತು. ಆ ಮಣ್ಣನ್ನು ಗಂಡಹೆಂಡಿರು ಒಮ್ಮೆಯೂ ನೋಡುವಂತಾಗಲಿಲ್ಲ. ನಾಯಕರು ಮುಂದಿನ ಚುನಾವಣೆಯನ್ನೂ ಗೆದ್ದರು. ಅವರ ಸಭೆಗಳಿಗೆ ಮೈಕು ಕಟ್ಟಿದವರು ಬೇರೆ ಯಾರೋ. ಮೈಕಣ್ಣ ಅಂಗಡಿಯಲ್ಲಿ ಕೂತು ಕೆಟ್ಟ ರೇಡಿಯೊಗಳನ್ನು ರಿಪೇರಿ ಮಾಡತೊಡಗಿದ. ಸರಿಹೋಯಿತೋ ಇಲ್ಲವೋ ನೋಡಲು ಹಾಡು ಬರುವ ಕಡೆ ಮುಳ್ಳು ತಿರುಗಿಸುತ್ತಿದ್ದ. ವಾರ್ತೆ ಶುರುವಾದರೆ ಆರಿಸಿಬಿಡುತ್ತಿದ್ದ.