ಚಿಗವ್ವನ ಮೇಲೆ ಹೊರಿಸಿದ ಮರೆವು

ಚಿಗವ್ವಾ, ಅಂದು ಗಂಗಾವತಿಯ ಹಲ್ಲಿನ ಡಾಕ್ಟರ್ ಹೇಳಿದ್ದನ್ನು ನೀನು ಮರೆತಿರಲಿಲ್ಲ. ನಾನು ನಿನಗೆ ಹೇಳಿಯೇ ಇರಲಿಲ್ಲ.

ಮೇಲ್ದವಡೆಯ ಹಲ್ಲು ಕೀಳಿಸಿಕೊಂಡು, ಹತ್ತಿ ಕಚ್ಚಿ, ನೀನು ಹೊರಗೆ ಬೆಂಚಿನ ಮೇಲೆ ಕುಳಿತಿದ್ದೆ. ಡಾಕ್ಟರ್ ನನ್ನನ್ನು ಒಳಗೆ ಕರೆದರು: "ಹಲ್ಲಿನ ಬೇರು ಮೂಗಿನ ಬಾಜೂಕಿನ ಪೊಳ್ಳು ಜಾಗಕ್ಕ ಹತ್ತಿತ್ತು. ಸಣ್ಣ ತೂತು ಬಿದ್ದಿರಬಹುದು, ತಾನ ಮುಚ್ಚತೈತಿ. ಎರಡು ವಾರ ಜೋರಾಗಿ ಮೂಗು ಊದಬಾರ್ದು ಅಂತ ಹೇಳವಾ ಅವರಿಗೆ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ತಂದವಳು ನಾನು— "ಹಲ್ಲಿಗೂ ಮೂಗಿಗೂ ಏನ್ ಸಂಬಂಧ ಸರ್?" ಎಂದು ವಾದಕ್ಕೆ ನಿಂತೆ. ಅವರು ನಕ್ಕು ಮುಂದಿನವರನ್ನು ಕರೆದರು. ಆ ನಗು ಚುಚ್ಚಿತು. ಬದನೆಕಾಯಿ ಬೇಡ, ತಂಗಳು ಬೇಡ ಎನ್ನುವ ನಮ್ಮ ಓಣಿಯ ಪಥ್ಯಗಳ ಸಾಲಿಗೇ ಆ ಮಾತನ್ನೂ ತಳ್ಳಿಬಿಟ್ಟೆ.

ಮೂರನೆಯ ದಿನ ಯಲಬುರ್ಗಾದ ನಿನ್ನ ಮನೆಯಲ್ಲಿ ನೀನು ಅಂದೆ: "ಚಾ ಕುಡದ್ರ ಮೂಗಿನಾಗ ಬರಾಕತ್ತೈತೆವಾ."

"ಎಲ್ಲಾ ನಿನ್ನ ಭ್ರಮೆ. ಚಾ ಮೂಗಿಗೆ ಏರತೈತಿ ಅಂದ್ರ ಮೂಗು ಹಿಡಕೊಂಡು ಊದು, ಗಾಳಿ ಬಾಯಾಗ ಬರ್ತೈತೇನು ನೋಡೋಣು."

ನೀನು ಊದಿದೆ. ಏನೂ ಇಲ್ಲ. "ಇನ್ನೂ ಜೋರು!" ಅಂದೆ ನಾನು. "ಯಕ್ಕಾ, ನಿಮ್ಮಕ್ಕನ ಮಗಳು ಕೋರ್ಟಿನಾಗ ಜಡ್ಜನ್ನೂ ಬಿಡಾಂಗಿಲ್ಲ ನೋಡು" ಎಂದು ಪಕ್ಕದ ಮನೆಯವರು ನಕ್ಕರು. ಮೂರನೆಯ ಸಲ ಗಾಳಿ ಬಾಯೊಳಗೆ ಪುಸ್ಸೆಂದಿತು— ರಕ್ತದ ಗುಳ್ಳೆ, ನಿನ್ನ ಕಣ್ಣಲ್ಲಿ ನೀರು. ಆಗಲಾದರೂ ಬಾಯಿಬಿಡಬಹುದಿತ್ತು. ಬಿಡಲಿಲ್ಲ.

ಕೀವು ತುಂಬಿತು, ಕೆನ್ನೆ ಬಾತಿತು. ಕೊಪ್ಪಳದ ಆಸ್ಪತ್ರೆಯಲ್ಲಿ ಒಳಗೆ ತೊಳೆದು, ಕೆನ್ನೆಯ ಒಳಚರ್ಮವನ್ನು ಎಳೆದು ತೂತಿನ ಮೇಲೆ ಹೊಲಿಗೆ ಹಾಕಬೇಕಾಯಿತು. ಅದಕ್ಕೂ ಮೊದಲು ಅಲ್ಲಿಯ ಡಾಕ್ಟರ್ ಕೇಳಿದರು: "ಮೂಗು ಊದಬ್ಯಾಡ್ರಿ ಅಂತ ಯಾರೂ ಹೇಳಿರ್ಲಿಲ್ಲೇನು?"

ನೀನು ನನ್ನ ಮುಖ ನೋಡಿದೆ. ನಾನು ಹೇಳಿದೆ— "ಹೇಳಿದ್ವಿ ಸರ್. ಈಕಿ ಮರತಾಳ."

"ಹೌದ್ರಿ," ಎಂದೆ ನೀನು, ಬಾತ ಬಾಯಲ್ಲೇ. "ನಂದ ತಪ್ಪು. ಮರವು ಭಾಳ ನಂಗ."

ಗಾಯ ಮಾಯಿತು. ಆದರೆ ಅಂದಿನಿಂದ ನೀನು ನಿನ್ನ ನೆನಪನ್ನೇ ನಂಬುವುದಿಲ್ಲ. ಬೀಗ ಹಾಕಿದೆನೋ ಇಲ್ಲವೋ ಎಂದು ಬಸ್ ಸ್ಟ್ಯಾಂಡಿನಿಂದ ತಿರುಗಿ ಹೋಗುತ್ತೀ. ಮದುವೆಮನೆಗಳಲ್ಲಿ ರಾತ್ರಿ ಬೆಳಗಾದರೂ ಮುಗಿಯದಷ್ಟು ಸೋಬಾನೆ ಪದ ಬಲ್ಲವಳು, ಈಗ ಮುಂದಿನ ಸಾಲನ್ನು ಬೇರೆಯವರು ಎತ್ತಲಿ ಎಂದು ಕಾಯುತ್ತೀ. ಎಲ್ಲರ ಮಾತಿಗೂ ಪುರಾವೆ ಕೇಳುವ ನಾನು, ನಿನ್ನ ವಿರುದ್ಧ ಸುಳ್ಳು ಪುರಾವೆಯನ್ನೇ ಕೊಟ್ಟೆ— ನೀನು ನಂಬಿದೆ.

ಭಾನುವಾರ ಬರುತ್ತೇನೆ. ನಿನ್ನ ಓಣಿಯವರ ಎದುರೇ ಹೇಳುತ್ತೇನೆ. "ಹೋಗ್ಲಿ ಬಿಡವಾ" ಅಂತ ಮಾತ್ರ ಅನ್ನಬೇಡ, ಚಿಗವ್ವಾ.