ಕೆಮ್ಮದ ಕ್ಯಾಮೆರಾ

ನಮ್ಮ ದೊಡ್ಡಪ್ಪನ ಅಂಗಡಿಯಲ್ಲಿ ಮಾರಾಟವಾಗದ ಸಾಮಾನು ಕೊನೆಗೆ ಬಂದು ಸೇರುವುದು ಬಿಳೂರಿನ ನಮ್ಮ ಮನೆಯನ್ನೇ. ಜತ್ತಿನ ಪೇಟೆಯಲ್ಲಿ ಅವನು ಮನೆಗೂ ಆಫೀಸಿಗೂ ಬೇಕಾಗುವ ಚಿಕ್ಕಪುಟ್ಟ ಯಂತ್ರಗಳನ್ನು ಮಾರುತ್ತಾನೆ. ಕೊರಳಿಗೆ ಹಾಕಿಕೊಳ್ಳುವ ಫ್ಯಾನು, ಸೊಳ್ಳೆ ಹೊಡೆಯುವ ಬ್ಯಾಟು, ಮೇಜಿನ ಮೇಲೆ ಚಹಾದ ಕಪ್ಪು ಆರದಂತೆ ಕಾಯುವ ತಟ್ಟೆ, ಯಾರಾದರೂ ಹತ್ತಿರ ಬಂದರೆ ತಾನೇ ಹೊತ್ತಿಕೊಳ್ಳುವ ಬಲ್ಬು. ಆ ಬಲ್ಬನ್ನು ತಂದು ನಮ್ಮ ಪಾಯಖಾನೆಯಲ್ಲಿ ಹಾಕಿದ. ಮೈ ಅಲುಗಾಡದಿದ್ದರೆ ಅದು ಆರಿಹೋಗುತ್ತದೆ. ಅಪ್ಪ ಇವತ್ತಿಗೂ ಒಳಗೆ ಕೂತು, ಯಾರಿಗೋ ಟಾಟಾ ಮಾಡುವವನ ಹಾಗೆ ಕೈ ಬೀಸುತ್ತಿರುತ್ತಾನೆ.

ಆಮೇಲೆ ಗಂಟೆಗೊಮ್ಮೆ ಹೆಣ್ಣುದನಿಯಲ್ಲಿ ವೇಳೆ ಹೇಳುವ ಗಡಿಯಾರ ಬಂತು. ಅವ್ವ ಅದನ್ನು ಅವತ್ತೇ ದನದ ಕೊಟ್ಟಿಗೆಗೆ ಸಾಗಿಸಿದಳು.

"ದೊಡ್ಡವ್ವ ತೀರಿಕೊಂಡು ಇನ್ನಾ ಭಾಳ ದಿನ ಆಗಿಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದಳು. "ಯಾವಾಕಿನೋ ಮನ್ಯಾಗ ಹಿಂದಿ ಮಾತಾಡಾಕತ್ತಾಳ ಅಂದ್ರ ಓಣ್ಯಾಗಿನವ್ರು ಏನ್ ತಿಳ್ಕೋಬೇಕು?"

ಈಗ ಅದು ನಮ್ಮ ಎಮ್ಮೆಗೆ ವೇಳೆ ಹೇಳುತ್ತದೆ. ಎಮ್ಮೆ ನಂಬಿದಂತೆ ಕಾಣುವುದಿಲ್ಲ.

ಇಷ್ಟರಲ್ಲಿ ಒಂದು ಸಾಮಾನು ಕಾಣೆಯಾಯಿತು: ದಾರ ಎಳೆದರೆ ಉಳ್ಳಾಗಡ್ಡಿ ಹೆಚ್ಚುವ ಡಬ್ಬಿ. ದೊಡ್ಡಪ್ಪ ಅದನ್ನು ಅಕ್ಕರೆಯಿಂದ ತಂದು ಅಡುಗೆಮನೆಗೆ ಕೊಟ್ಟಿದ್ದ. ಒಂದು ಸಂಜೆ ಹೊಸ ದಾರ ತಂದು ಡಬ್ಬಿ ಕೇಳಿದರೆ, ಡಬ್ಬಿ ಇಲ್ಲ.

ನಮ್ಮವ್ವ ದೊಡ್ಡಪ್ಪನೊಡನೆ ನೇರ ಮಾತಾಡುವುದಿಲ್ಲ. ಗಂಡನ ಅಣ್ಣ, ಅಂದರೆ ಭಾವ. ಭಾವನ ಎದುರು ಸೆರಗು ತಲೆಯ ಮೇಲೆ ಇರಬೇಕು, ದನಿ ಬಾಗಿಲ ಹಿಂದೆ ಇರಬೇಕು. ಈಗಿನ ಸೊಸೆಯಂದಿರು ಇದನ್ನೆಲ್ಲ ಬಿಟ್ಟು ಭಾವಂದಿರ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಾರೆ. ನಮ್ಮ ಓಣಿಯ ಅವ್ವನ ವಾರಿಗೆಯವರು ಮಾತ್ರ ಬಿಟ್ಟಿಲ್ಲ. ಹಾಗಾಗಿ ಒಂದೇ ಮನೆಯ ಇಬ್ಬರ ನಡುವೆ ಮಾತು ಸಾಗಿಸುವ ಕೆಲಸ ಚಿಕ್ಕಂದಿನಿಂದ ನನ್ನದು. ಬರೀ ಮಾತು ಒಯ್ದರೆ ಏನು ರುಚಿ? ದನಿಯನ್ನೂ ಒಯ್ಯುತ್ತಿದ್ದೆ. ಈಗ ಬಸ್ಸಿನ ಕಂಡಕ್ಟರನಿಂದ ಜಮೀನಿನ ಲೆಕ್ಕ ಬರೆಯುವ ತಲಾಠಿಯವರೆಗೆ ಊರಲ್ಲಿ ನಾನು ಅಣಕಿಸದ ಗಂಟಲಿಲ್ಲ. ನನ್ನದೇ ದನಿ ಯಾವುದೆಂದು ಯಾರಾದರೂ ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತದೆ.

ಅವತ್ತು ದೊಡ್ಡಪ್ಪ ಪಡಸಾಲೆಯಲ್ಲಿ ಕೂತು, "ನಿಮ್ಮವ್ವನ್ನ ಕೇಳು, ಡಬ್ಬಿ ಎಲ್ಲೈತಿ ಅಂತ" ಎಂದ.

ಬಾಗಿಲ ಹಿಂದಿನಿಂದ ಅವ್ವ, "ಎಲ್ಲಿರಬೇಕೋ ಅಲ್ಲಿ ಐತಿ ಅಂತ ಹೇಳು" ಎಂದಳು.

ನಾನು ಮೂಗಿನಲ್ಲಿ ತುಸು ಗಾಳಿ ಬಿಟ್ಟು, ಅವ್ವನ ದನಿಯಲ್ಲೇ ಒಪ್ಪಿಸಿದೆ. ಒಳಗಿನಿಂದ ಲಟ್ಟಣಿಗೆ ಹಾರಿ ಬಂತು. ದೊಡ್ಡಪ್ಪ ನಗಲಿಲ್ಲ.

"ಹಿಂಗಂದ್ರ ಏನಂತ ತಿಳೀಬೇಕು? ಮಧ್ಯಾಹ್ನ ಓಣಿ ಹೆಣಮಕ್ಕಳೆಲ್ಲಾ ಇಲ್ಲೇ ಕುಂದರ್ತಾರ. ಯಾರ ಸೆರಗಿನ್ಯಾಗ ಏನ್ ಹೊಕ್ಕೈತೋ ಯಾರಿಗ್ಗೊತ್ತು?"

ಅವ್ವ ಒಳಗಿನಿಂದ ಬಾಗಿಲನ್ನು ಮುಂದಕ್ಕೆ ಎಳೆದುಕೊಂಡಳು.

ಮರುದಿನವೇ ಅವನು ಕ್ಯಾಮೆರಾ ತಂದ. ಬಿಳಿಯ, ಗುಂಡನೆಯ, ದೊಡ್ಡ ಪೇರಲಹಣ್ಣಿನಷ್ಟು ಗಾತ್ರದ್ದು. ಅದನ್ನು ಪಡಸಾಲೆಯ ಗೋಡೆಯ ಮೇಲೆ ಅಜ್ಜ, ಮುತ್ತಜ್ಜರ ಫೋಟೋಗಳ ಸಾಲಿನ ಕೊನೆಗೆ ಕೂರಿಸಿದ. ಅಜ್ಜಂದಿರಾದರೂ ಒಂದೇ ಕಡೆ ನೋಡುತ್ತಾರೆ. ಇದು ಯಾರು ಎತ್ತ ಹೋದರೂ ಅತ್ತ ಕತ್ತು ತಿರುಗಿಸುತ್ತದೆ. ದೊಡ್ಡಪ್ಪ ಅಂಗಡಿಯಲ್ಲಿ ಕೂತು ಫೋನಿನಲ್ಲಿ ನಮ್ಮನ್ನು ನೋಡಬಹುದು, ಕೇಳಬಹುದು, ಬೇಕಾದರೆ ಅದರ ಬಾಯಿಂದ ಮಾತೂ ಆಡಬಹುದು. ಅವನು ಮಾತಾಡುವಾಗ ಒಂದು ನೀಲಿ ದೀಪ ಹತ್ತುತ್ತದೆ. ಸುಮ್ಮನೆ ನೋಡುವಾಗ ಏನೂ ಹತ್ತುವುದಿಲ್ಲ. ನೋಡುತ್ತಿದ್ದಾನೋ ಇಲ್ಲವೋ ತಿಳಿಯುವ ಬಗೆಯೇ ಇರಲಿಲ್ಲ.

"ನನ್ನ ಫೋನಿನ್ಯಾಗೂ ಹಾಕಿಕೊಡು ದೊಡ್ಡಪ್ಪಾ" ಎಂದು ಕೇಳಿದೆ.

"ನಿನ್ನ ಕೈಯಾಗ ಮೈಕ್ ಕೊಟ್ರ ಊರು ಉಳಿತೈತೇನ್ಲೇ?" ಎಂದ.

ಅವ್ವ ಅಂದಿನಿಂದ ಸ್ವಂತ ಪಡಸಾಲೆಯಲ್ಲಿ ತಲೆಯ ಮೇಲಿನ ಸೆರಗು ಇಳಿಸಲಿಲ್ಲ. ಭಾವ ಇಡೀ ದಿನ ಗೋಡೆಯ ಮೇಲೆ ಕೂತಿದ್ದಾನೆ ಎಂದ ಮೇಲೆ ಹೇಗೆ ಇಳಿಸುವುದು? ಮೊದಲು ಶೇಂಗಾ ಸುಲಿಯುತ್ತ ಕಾಲು ಚಾಚಿ ಕೂರುತ್ತಿದ್ದವಳು ಈಗ ಮೊಣಕಾಲು ಮಡಚಿ, ಪರೀಕ್ಷೆಗೆ ಕೂತ ಹುಡುಗಿಯ ಹಾಗೆ ಕೂರುತ್ತಿದ್ದಳು. ಓಣಿಯ ಹೆಂಗಸರೂ ಬಂದರು. ಅವರಿಗೂ ಊರ ವಾವೆಯಲ್ಲಿ ದೊಡ್ಡಪ್ಪ ಭಾವನೇ ಆಗಬೇಕು. ಕ್ಯಾಮೆರಾ ತಮ್ಮ ಕಡೆ ಕತ್ತು ಹೊರಳಿಸಿದ್ದು ಕಂಡು, ಎಲ್ಲರೂ ಒಟ್ಟಿಗೆ ಸೆರಗು ಎಳೆದುಕೊಂಡು, ಚಹಾ ಕುಡಿದು, ಒಂದು ಮಾತೂ ಆಡದೆ ಎದ್ದುಹೋದರು. ಆಮೇಲೆ ಬರುವುದನ್ನೇ ಬಿಟ್ಟರು.

ಬೇರೆ ಕಾಲವಾಗಿದ್ದರೆ ಇದೊಂದು ತಮಾಷೆಯಾಗಿರುತ್ತಿತ್ತು. ಆದರೆ ಆ ತಿಂಗಳು ನಮ್ಮ ಅಕ್ಕನ ಕುಬಸ, ಅಂದರೆ ಸೀಮಂತ, ಇತ್ತು. ಅಕ್ಕನನ್ನು ಕರಜಗಿಗೆ ಕೊಟ್ಟಿದ್ದೇವೆ. ಮೊದಲ ಬಸಿರು, ತವರಿಗೆ ಬಂದಿದ್ದಳು. ಕುಬಸಕ್ಕೆ ಬೀಗರೆಲ್ಲ ನಮ್ಮ ಮನೆಗೆ ಬರುವವರಿದ್ದರು, ಹೋಗುವಾಗ ಅವರಿಗೆ ರೊಟ್ಟಿಯ ಬುಟ್ಟಿ ಕೊಟ್ಟು ಕಳಿಸಬೇಕಿತ್ತು. ಆ ರೊಟ್ಟಿ ಒಬ್ಬರ ಕೈಯದಲ್ಲ. ಓಣಿಯ ಹೆಂಗಸರೆಲ್ಲ ಒಂದೆಡೆ ಕೂತು ತಟ್ಟಿಕೊಡಬೇಕು, ಅದು ನಮ್ಮ ಕಡೆಯ ರೂಢಿ. ಕೈ ಹತ್ತು ಬಗೆ ಇದ್ದರೆ ರೊಟ್ಟಿಯೂ ಹತ್ತು ಬಗೆ ಇರುತ್ತದೆ, ನೋಡಿದ ಕೂಡಲೇ ಬೀಗರಿಗೆ ತಿಳಿಯುತ್ತದೆ, ಈಕೆಯ ತವರಿಗೆ ಓಣಿಯಿದೆ ಎಂದು.

"ಪ್ಯಾಟಿಯಿಂದ ಮಷೀನ್ ರೊಟ್ಟಿ ತರ್ತೀಯೇನವ್ವಾ ನನ್ನ ಕುಬಸಕ್ಕ?" ಎಂದು ಅಕ್ಕ ಕೇಳಿದಳು. ಕೇಳಿದ್ದು ಮೆಲ್ಲಗೆ, ಅಡುಗೆಮನೆಯಲ್ಲಿ, ಕ್ಯಾಮೆರಾಕ್ಕೆ ಕೇಳಿಸದ ಹಾಗೆ. "ನಮ್ಮ ಅತ್ತಿ ಒಂದ ರೊಟ್ಟಿ ಮುರಿದು ನೋಡಿ ಸಾಯೂತನಾ ಆಡಿಕೋತಾಳ."

ಅವ್ವ ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದಳು. ಕ್ಯಾಮೆರಾ ತೆಗೆಯಿರಿ ಎಂದರೆ, ಮುಚ್ಚಿಡುವುದು ಏನೋ ಇದೆ ಎಂದು ಭಾವ ತಿಳಿಯುತ್ತಾನೆ. ಸುಮ್ಮನಿದ್ದರೆ ಮಗಳ ಬುಟ್ಟಿ ಖಾಲಿ.

ನಾನೇ ಧೈರ್ಯ ಮಾಡಿ ದೊಡ್ಡಪ್ಪನಿಗೆ ಹೇಳಿದೆ. "ದೊಡ್ಡಪ್ಪಾ, ಹೆಣಮಕ್ಕಳು ಮನಿಗೆ ಬರವಲ್ರು. ಅವ್ವಗ ಭಾಳ ಚಿಂತಿ ಆಗೇತಿ."

ಅವನು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದ. "ಇದರಾಗ ನಿಮ್ಮವ್ವಂದು ಎಷ್ಟು, ನಿಂದೆಷ್ಟು?"

ಅಣಕಿಸುವವನ ಪಾಡು ಇದು. ನಿಜ ಹೇಳಿದರೂ ಯಾರದೋ ದನಿಯಂತೆ ಕೇಳಿಸುತ್ತದೆ.

ಓಣಿಯಲ್ಲಿ ಇದಕ್ಕಿಂತ ಕೆಟ್ಟ ಗುಮಾನಿ ಹುಟ್ಟಿತ್ತು. ಎದುರುಮನೆಯ ಚಿಕ್ಕಮ್ಮ, ನಮ್ಮ ಬಾಯಲ್ಲಿ ಕಾಕು, ನನ್ನನ್ನು ನಳದ ಬಳಿ ತಡೆದಳು. ಅವಳ ಬಾಯಿ ಹರಿತ. ಕೈಬೆರಳು ಮಾತ್ರ ಸಂಧಿವಾತದಿಂದ ಸರಿಯಾಗಿ ಮಡಚುವುದಿಲ್ಲ.

"ಖರೇ ಹೇಳು ಮಂಗ್ಯಾ. ನಮ್ಮ ಧ್ವನಿ ಇಷ್ಟ ಬರೋಬರ್ ತಗೀತೀ ಅಂದ್ರ ಎಲ್ಲಿಂದ ಕಲತಿ? ಆ ಪೆಟಿಗಿ ಒಳಗ ಕುಂತು ಕೇಳಾಂವ ನೀನ ಹೌದಲ್ಲೋ?"

"ಕಾಕೂ, ಪೆಟಿಗಿ ಬರೂಕಿಂತ ಮೊದ್ಲೇ ನಾ ನಿನ್ನ ಧ್ವನಿ ತಗೀತಿದ್ನೆಲ್ಲಾ!"

"ಹಂಗಾರ ಮೊದ್ಲ ಎಲ್ಲಿ ಅಡಗಿ ಕುಂದರ್ತಿದ್ದಿ, ಅದನ್ನ ಹೇಳು."

ಕಡೆಗೆ ಅವ್ವ ತಾನೇ ಮನೆಮನೆಗೆ ಹೋಗಿ ಕರೆದಳು. ಹೆಂಗಸರು ಅಕ್ಕನ ಮುಖ ನೋಡಿ ಬಂದರು. ಹಿತ್ತಲ ಬಾಗಿಲ ಬಳಿ ಒಲೆ ಹೂಡಿ, ಅಷ್ಟು ಜನಕ್ಕೆ ಬೇರೆ ಜಾಗವಿಲ್ಲದೆ ಪಡಸಾಲೆಯಲ್ಲೇ ಹಿಟ್ಟು ನಾದುವ ಪರಾತ ಇಟ್ಟುಕೊಂಡು ಕೂತರು. ಹಿಟ್ಟು ಸಾಲದೆಂದು ನನ್ನನ್ನು ಜೋಳದ ಡಬ್ಬಿಯೊಂದಿಗೆ ಗಿರಣಿಗೆ ಅಟ್ಟಿದರು. ನಾನು ಹೊರಡುವಾಗ ಪಡಸಾಲೆಯಲ್ಲಿ ರೊಟ್ಟಿ ತಟ್ಟುವ ಸದ್ದು ಮಾತ್ರ ಇತ್ತು. ನಮ್ಮ ಓಣಿಯ ಹೆಂಗಸರು ಮಾತಿಲ್ಲದೆ ರೊಟ್ಟಿ ತಟ್ಟಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಸೆರಗು ಕಣ್ಣಿನ ತನಕ ಇಳಿದಿತ್ತು. ಕಾಣದೆ ತಟ್ಟಿದ ರೊಟ್ಟಿ ಅಂಚಿನಲ್ಲಿ ಹರಿಯುತ್ತಿತ್ತು. ಕ್ಯಾಮೆರಾ ಒಬ್ಬೊಬ್ಬರ ಕಡೆಗೂ ಕತ್ತು ತಿರುಗಿಸುತ್ತಿತ್ತು.

ಆಮೇಲೆ ನಡೆದದ್ದನ್ನು ನಗು ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ಅಕ್ಕ ನನಗೆ ಹೇಳಿದಳು.

ನಾನು ಹೋದ ಸ್ವಲ್ಪ ಹೊತ್ತಿಗೆ ನೀಲಿ ದೀಪ ಹತ್ತಿತು. ಗೋಡೆಯ ಮೇಲಿನಿಂದ ದೊಡ್ಡಪ್ಪನ ದನಿ: "ಯಾಕ ಎಲ್ಲಾರೂ ಸುಮ್ಮನ ಕುಂತೀರಿ? ಮಾತಾಡ್ರಿ, ನಗ್ರಿ. ಕುಬಸದ ಮನಿ ಐತಿ ಇದು."

ಎಲ್ಲರ ಕೈ ಹಿಟ್ಟಿನಲ್ಲೇ ನಿಂತವು. ಕಾಕು ಮಾತ್ರ ಸುತ್ತ ನೋಡಿದಳು. ನಾನು ಕಾಣಲಿಲ್ಲ.

"ಬಂತು ನೋಡ್ರೆವ್ವಾ ಮಂಗ್ಯಾ! ಗಿರಣಿಗೆ ಹೋಗೂದ ಬಿಟ್ಟು ಎಲ್ಲೋ ಮಾಳಿಗಿ ಮ್ಯಾಲ ಕುಂತು ದೊಡ್ಡಪ್ಪನ ಧ್ವನಿ ತಗ್ಯಾಕತ್ತಾನ."

"ಇಲ್ಲವಾ, ನಾನಽ… ಅಂಗಡ್ಯಾಗಿಂದ ಮಾತಾಡಾಕತ್ತೀನಿ" ಎಂದಿತು ಗೋಡೆ.

"ಅಂಗಡ್ಯಾಗಿಂದಂತ! ನಿಮ್ಮ ದೊಡ್ಡಪ್ಪನಕಿಂತ ಚಲೋ ದೊಡ್ಡಪ್ಪ ಆಗೀದಿ ಬಿಡು."

ಯಾರೋ ಕಿಸಕ್ಕೆಂದರು. ಸೆರಗುಗಳು ತುಸು ಮೇಲೇರಿದವು. ಬಾಗಿಲ ಹಿಂದೆ ನಿಂತ ಅವ್ವನಿಗೂ ಅದು ನಾನೇ ಎಂದು ಖಾತ್ರಿಯಾಗಿತ್ತಂತೆ. ಹೆತ್ತವಳಿಗೂ ನನ್ನ ಮೇಲೆ ಅಷ್ಟು ನಂಬಿಕೆ.

ಕಾಕು ಹಿಟ್ಟಿನ ಕೈ ಸೊಂಟಕ್ಕಿಟ್ಟು ಎದ್ದು ನಿಂತಳು. "ದೊಡ್ಡಪ್ಪನ ವೇಷ ಹಾಕೀದಿ, ಹಂಗಾರ ಅವರಿಗೆ ಹೇಳೂದು ನೀನ ಕೇಳು. ಗಂಡಸಾದಂವ ಮನಿಯೊಳಗ ಬರಬೇಕಾದ್ರ ಬಾಗಿಲದಾಗ ಒಂದ ಸಲ ಕೆಮ್ಮತಾನ. ನಾವು ಸೆರಗ ಸರಿ ಮಾಡ್ಕೋತೀವಿ, ಆಡೂ ಮಾತು ನಿಲ್ಲಸ್ತೀವಿ. ನಿಮ್ಮಪ್ಪ ಕೆಮ್ಮತಾನ, ನಿಮ್ಮಜ್ಜ ಕೆಮ್ಮತಿದ್ದ. ಈ ಪೆಟಿಗಿ ಕೆಮ್ಮತೈತೇನು? ಕಳ್ಳ ಬಂದಂಗ ಬರ್ತೈತಿ, ಕಳ್ಳ ಹೋದಂಗ ಹೋಗ್ತೈತಿ. ಕಳ್ಳರನ್ನ ಹಿಡ್ಯಾಕ ತಂದಾರಂತ ಅದನ್ನ!"

ಕಾಕು ಗೋಡೆಯ ಕಡೆ ಹಿಟ್ಟಿನ ಬೆರಳು ತೋರಿಸಿದಳು.

"ಮತ್ತ ಆ ಉಳ್ಳಾಗಡ್ಡಿ ಡಬ್ಬಿ ನಮ್ಮನ್ಯಾಗ ಐತಿ. ನಿಮ್ಮವ್ವನಽ ಕೊಟ್ಟಾಳ. ಈಳಗಿ ಮುಂದ ಕುಂತ್ರ ನನ್ನ ಕೈಬಟ್ಟಿಗೆ ಉಳ್ಳಾಗಡ್ಡಿ ಹಿಡ್ಯಾಕ ಬರೂದಿಲ್ಲಂತ ಕೊಟ್ಟಾಳ. ಭಾವಾರ ಮುಂದ ಬಾಯಿ ತಗೀಬಾರದಂತ ಆಕಿ ಸುಮ್ಮನದಾಳ, ಭಾವಾರು ನಮ್ಮ ಸೆರಗ ಹುಡಕಾಕತ್ತಾರ. ಹೇಳು ನಿಮ್ಮ ದೊಡ್ಡಪ್ಪಗ! ನಾ ಅಂದೆ ಅಂತ ಮಾತ್ರ ಹೇಳಬ್ಯಾಡ."

ಸರಿಯಾಗಿ ಆ ಹೊತ್ತಿಗೆ ನಾನು ಹಿಟ್ಟಿನ ಡಬ್ಬಿ ಹೆಗಲ ಮೇಲಿಟ್ಟುಕೊಂಡು, ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು, ತಲೆಬಾಗಿಲಿನಿಂದ ಒಳಗೆ ಬಂದೆ.

ಕಾಕು ನನ್ನನ್ನು ನೋಡಿದಳು. ಗೋಡೆಯನ್ನು ನೋಡಿದಳು. ಮತ್ತೆ ನನ್ನನ್ನು.

"ನೀ ಇಲ್ಲಿ ಅದಿ ಅಂದ್ರ… ಅಲ್ಲಿ ಯಾರು?"

ಆಗ ಗೋಡೆಯ ಮೇಲಿನಿಂದ ಒಂದು ಕೆಮ್ಮು ಕೇಳಿಸಿತು. ಸ್ವಲ್ಪ ತಡೆದು, ಇನ್ನೊಂದು. ನೀಲಿ ದೀಪ ಆರಿತು.

ಕಾಕು ಕುಸಿದು ಕೂತವಳು, "ಯವ್ವಾ, ಸತ್ತೆ" ಎಂದಳು. ಉಳಿದವರು ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದರು. ಅದು ಹೆದರಿಕೆಯೋ ನಗುವೋ ಹೇಳುವುದು ಕಷ್ಟವಿತ್ತು.

ಆ ಸಂಜೆ ದೊಡ್ಡಪ್ಪ ಓಣಿಯ ತಿರುವಿನ ಬೇವಿನ ಗಿಡದ ಹತ್ತಿರದಿಂದಲೇ ಕೆಮ್ಮುತ್ತ ಬಂದ. ಮನೆಗೆ ಕ್ಷಯ ಬಂತೇನೋ ಎಂದು ಅಪ್ಪ ಗಾಬರಿಯಾದ. ಊಟಕ್ಕೆ ಕೂತಾಗ ದೊಡ್ಡಪ್ಪ ಚೀಲದಿಂದ ಹೊಸ ಪೆಟ್ಟಿಗೆಯೊಂದನ್ನು ತೆಗೆದು ನನ್ನ ಮುಂದೆ ಸರಿಸಿದ.

"ನಿಮ್ಮವ್ವಗ ಹೇಳು. ಬಟ್ಟು ನೋಯಾವ್ರಿಗೆ ದಾರ ಎಳಿಯೂದು ಆಗೂದಿಲ್ಲ. ಇದು ಗುಂಡಿ ಒತ್ತೂದು, ಚಾರ್ಜಿಂಗಿಂದು. ಎದರ ಮನಿಗೆ ಕೊಡು ಅನ್ನು. ದಾರದ ಡಬ್ಬಿ ನಮ್ಮನಿಗೆ ಬರಲಿ."

ಬಾಗಿಲ ಹಿಂದಿನಿಂದ ಅವ್ವ, "ರೊಟ್ಟಿ ಇನ್ನೊಂದ ನೀಡ್ಲೇನು ಕೇಳು" ಎಂದಳು. ನಾನು ಅವಳ ದನಿ ಅಣಕಿಸಲು ಹೋದೆ. ಅದರಲ್ಲಿ ಏನೋ ಹೊಸದಿತ್ತು, ನನಗೆ ಬರಲಿಲ್ಲ. ನನ್ನ ದನಿಯಲ್ಲೇ ಕೇಳಿದೆ.

ಕ್ಯಾಮೆರಾ ತೆಗೆಯುತ್ತೇನೆಂದು ದೊಡ್ಡಪ್ಪ ಹೇಳಲಿಲ್ಲ. ಅಷ್ಟು ಹಣ ಕೊಟ್ಟ ಸಾಮಾನನ್ನು ಕೊಟ್ಟಿಗೆಗೆ ಕಳಿಸಲು ಅವನಿಗೆ ಮನಸ್ಸಿರಲಿಲ್ಲ. ಆದರೆ ಮರುದಿನದಿಂದ ಅಂಗಡಿಯಲ್ಲಿ ಫೋನು ತೆರೆದಾಗಲೆಲ್ಲ ಮೊದಲು ಕೆಮ್ಮುತ್ತಿದ್ದ. ನೀಲಿ ದೀಪ, ಕೆಮ್ಮು, ಒಂದು ಗಳಿಗೆ ತಡೆದು ಇನ್ನೊಂದು ಕೆಮ್ಮು. ನೋಡುವುದು ಮುಗಿಯುವ ತನಕ ಅವನು ದೀಪ ಆರಗೊಡುತ್ತಿರಲಿಲ್ಲ. ಹೆಂಗಸರು ಸೆರಗು ಹೊದೆಯುತ್ತಿದ್ದರು, ದೀಪ ಆರಿದ ಮೇಲೆ ಇಳಿಸುತ್ತಿದ್ದರು. ಸಂಶಯ ಪೂರ್ತಿ ಹೋಯಿತು ಎನ್ನಲಾರೆ. ದೀಪ ಆರಿರುವಾಗ ಕಾಕು ಆಗಾಗ ಗೋಡೆಯ ಕಡೆ ತಿರುಗಿ, "ಭಾವಾರ ಮೀಸಿ ಬಣ್ಣ ಚಲೋ ಕುಂತಿಲ್ಲ" ಎಂದು ಬೇಕೆಂದೇ ಅನ್ನುತ್ತಿದ್ದಳು. ಸಂಜೆ ದೊಡ್ಡಪ್ಪ ಕನ್ನಡಿ ನೋಡಿಕೊಂಡನೋ ಇಲ್ಲವೋ ಎಂದು ನನ್ನನ್ನು ವಿಚಾರಿಸುತ್ತಿದ್ದಳು. ಅವನು ನೋಡಿಕೊಳ್ಳಲಿಲ್ಲ. ಕದ್ದು ಕೇಳುತ್ತಿಲ್ಲವೆಂದು ಖಾತ್ರಿಯಾದ ಮೇಲೆ ರೊಟ್ಟಿ ಬೇಗ ಬೇಗ ಆದವು. ದಪ್ಪ, ತೆಳು, ಅಂಚು ಸುಟ್ಟದ್ದು, ಎಳ್ಳು ಹಚ್ಚಿದ್ದು, ಎಲ್ಲ ಬಗೆಯ ಕೈ ಬುಟ್ಟಿಯಲ್ಲಿ ಇದ್ದವು.

ಕುಬಸದ ದಿನ ಪಡಸಾಲೆ ತುಂಬಿತ್ತು. ಹಸಿರು ಸೀರೆಯಲ್ಲಿ ಅಕ್ಕ, ಅವಳ ಮುಂದೆ ರೊಟ್ಟಿಯ ಬುಟ್ಟಿ. ಕರಜಗಿಯ ಅತ್ತೆ ಒಂದು ರೊಟ್ಟಿ ಮುರಿದು ನೋಡಿ, ಇನ್ನೊಂದು ಮುರಿದು ನೋಡಿ, "ಓಣಿ ದೊಡ್ಡದೈತಿ ಬಿಡ್ರಿ" ಎಂದು ಅವ್ವನಿಗೆ ಹೇಳಿದಳು. ದೊಡ್ಡಪ್ಪ ಹೊರಗೆ ಗಂಡಸರ ನಡುವೆ ಕೂತಿದ್ದ. ನಾನು ಬಾಗಿಲ ಮರೆಯಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಅವನ ಕೆಮ್ಮು ಕೆಮ್ಮಿದೆ. ಒಂದು. ತಡೆದು, ಇನ್ನೊಂದು.

ಹೆಂಗಸರೆಲ್ಲ ಗೋಡೆಯ ಕಡೆ ನೋಡಿ ಸೆರಗು ಎಳೆದುಕೊಂಡರು. ಕಾಕು ಒಬ್ಬಳು ಕೈ ಎತ್ತಲಿಲ್ಲ.

"ಬಿಡ್ರೆವ್ವಾ, ಹೊದ್ಕೋಬ್ಯಾಡ್ರಿ. ಅದು ನಮ್ಮ ಮಂಗ್ಯಾ" ಎಂದಳು. "ಭಾವಾರು ಎರಡನೇ ಸಲ ಕೆಮ್ಮೂವಾಗ ತುಸು ನಾಚಕೋತಾರ."

ಆಮೇಲೆ ಎಷ್ಟೋ ಸಲ ಹಿತ್ತಲಲ್ಲಿ ಎಮ್ಮೆಯ ಮುಂದೆ ನಿಂತು ಪ್ರಯತ್ನ ಮಾಡಿದ್ದೇನೆ. ಮೊದಲನೇ ಕೆಮ್ಮು ಬರೋಬ್ಬರಿ ಬರುತ್ತದೆ. ಎರಡನೆಯದರ ನಾಚಿಕೆ ನನ್ನ ಗಂಟಲಿಗೆ ಇನ್ನೂ ಬಂದಿಲ್ಲ.